ಜಾಜು ಎಂಬ ಕೆನ್ನಾಯಿ: ಒಂದು ಫರ್ಸೂಟ್ ತಲೆಯ ನಿರ್ಮಾಣ ದಾಖಲೆ

ತೋಳ, ನರಿ, ನಾಯಿ, ಹುಲಿ-ಚಿರತೆಗಳಂಥ ದೊಡ್ಡ ಬೆಕ್ಕುಗಳು ಮತ್ತು ಡ್ರ್ಯಾಗನ್, ಇವು ಮನುಷ್ಯರ ಸ್ವಭಾವವಿರುವ ಪ್ರಾಣಿಪಾತ್ರಗಳನ್ನು ಮೆಚ್ಚುವವರ ಬಳಗವಾದ ಫರಿ ಸಮುದಾಯದಲ್ಲಿ ಬಹಳ ಮಂದಿ ತಮ್ಮದಾಗಿಸಿಕೊಂಡಿರುವ ರೂಪಗಳು. ಆದುದರಿಂದ ಕೆಂಗಂದು ಮೈಯ, ಬಿಳಿ ಎದೆಯ ಫರ್ಸೂಟ್ (ಮೈಮೇಲೆ ಧರಿಸುವ ತುಪ್ಪಳದ ಪ್ರಾಣಿವೇಷ) ಎದುರಿಗೆ ಬಂದರೆ ನೋಡುವವರು ಅದನ್ನು ಮೊದಲು ನರಿಯೆಂದೇ ಎಣಿಸುತ್ತಾರೆ. ನನ್ನ ಫರ್ಸೋನಾ, ಎಂದರೆ ನಾನು ನನಗಾಗಿ ಕಟ್ಟಿಕೊಂಡ ಪ್ರಾಣಿಪಾತ್ರ, ನರಿಯಲ್ಲ, ಕೆನ್ನಾಯಿ. ಕೆಲವರು ಸೀಳುನಾಯಿ ಎಂದು ಕರೆಯುವ, ಗುಂಪಿನಲ್ಲಿ ಬದುಕುವ, ಸಿಳ್ಳೆ ಹಾಕಿ ಒಬ್ಬರನ್ನೊಬ್ಬರು ಕರೆಯುವ ಕಾಡುನಾಯಿ. ಹತ್ತು ಹೆಜ್ಜೆ ದೂರದಿಂದ ನೋಡಿದವರಿಗೂ ಅದು ಕೆನ್ನಾಯಿಯೆಂದು ತಿಳಿಯಬೇಕು ಮತ್ತು ಆ ಮುಖದಲ್ಲಿ ನಾನು ಕಲ್ಪಿಸಿಕೊಂಡ ಸ್ವಭಾವವೇ ಕಾಣಬೇಕು ಎಂಬ ಎರಡು ಬೇಡಿಕೆಗಳನ್ನು ಮುಂದಿಟ್ಟುಕೊಂಡು ಈ ತಲೆಯನ್ನು ಕಟ್ಟಿದ್ದೇನೆ. ಫೋಮ್ ಕತ್ತರಿಸುವುದರಿಂದ ತುಪ್ಪಳ ಹೊಲಿಯುವವರೆಗಿನ ತೀರ್ಮಾನಗಳೆಲ್ಲ ಅವುಗಳಿಂದಲೇ ಹುಟ್ಟಿದವು. ಆದ್ದರಿಂದ ಅಳತೆಗಳ ಜೊತೆಗೆ ಅವುಗಳ ಕಾರಣಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪಾತ್ರ ಮೊದಲು

ಮನುಷ್ಯರಂತೆ ನಡೆದು, ಯೋಚಿಸಿ, ಸ್ನೇಹ ಮಾಡುವ ಪ್ರಾಣಿಯ ರೂಪದಲ್ಲಿ ಒಬ್ಬರು ತಮಗಾಗಿ ಕಟ್ಟಿಕೊಳ್ಳುವ ಇನ್ನೊಂದು ವ್ಯಕ್ತಿತ್ವವೇ ಫರ್ಸೋನಾ. ಬಹುಪಾಲು ಮಂದಿಗೆ ಅದು ಒಂದು ಹೆಸರು, ಕೆಲವು ಚಿತ್ರಗಳು ಮತ್ತು ಗೆಳೆಯರ ನಡುವಿನ ಗುರುತಾಗಿಯೇ ಉಳಿಯುತ್ತದೆ. ಮೈಮೇಲೆ ಧರಿಸುವ ಫರ್ಸೂಟ್ ಇರುವವರ ಸಂಖ್ಯೆ ಕಡಿಮೆ. ಫರ್ಸೂಟ್ ಇಲ್ಲದ ಫರ್ಸೋನಾ ಅರೆಬರೆಯಾದುದು ಎಂದು ಯಾರೂ ತಿಳಿಯಬಾರದು. ಜಾಜು ಕೂಡ ಬಹುಕಾಲ ಕಾಗದದ ಮೇಲೆ ಮಾತ್ರ ಇದ್ದಳು, ಮತ್ತು ಆಗಲೂ ಅವಳು ನನಗೆ ಪೂರ್ಣವಾಗಿಯೇ ಇದ್ದಳು.

ಪ್ರಾಣಿಯನ್ನು ಆರಿಸುವಾಗ ಅದರ ಅಂದಕ್ಕಿಂತ ನಡವಳಿಕೆಯನ್ನು ನೋಡುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಣ್ಣವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಆದರೆ ಆ ಪ್ರಾಣಿಯಾಗಿ ಹೇಗೆ ನಿಲ್ಲಬೇಕು, ಯಾರನ್ನು ಹೇಗೆ ಎದುರುಗೊಳ್ಳಬೇಕು ಎಂಬುದಕ್ಕೆ ಉತ್ತರ ಬಣ್ಣದಲ್ಲಿ ಸಿಗುವುದಿಲ್ಲ. ಕೆನ್ನಾಯಿಗಳು ಬೇಟೆಯನ್ನು ಕೆಡವಿದ ಮೇಲೆ ಮರಿಗಳನ್ನು ಮೊದಲು ತಿನ್ನಲು ಬಿಡುತ್ತವೆ. ದಟ್ಟ ಕಾಡಿನಲ್ಲಿ ಚದುರಿದಾಗ ಬೊಗಳುವುದಕ್ಕೆ ಬದಲಾಗಿ ಸಿಳ್ಳೆಯ ದನಿಯಿಂದ ಮತ್ತೆ ಒಂದುಗೂಡುತ್ತವೆ. ಅಳಿವಿನಂಚಿನಲ್ಲಿರುವ ಈ ಪ್ರಾಣಿಯ ಬದುಕು ಗುಂಪನ್ನೇ ನೆಚ್ಚಿಕೊಂಡಿದೆ. ನಾನು ಜನರ ನಡುವೆ ಇರಲು ಬಯಸುವ, ಆದರೆ ಮಾತಿನ ಮೂಲಕ ಅಲ್ಲಿ ಸ್ಥಳ ಮಾಡಿಕೊಳ್ಳಲು ಕಷ್ಟಪಡುವ ವ್ಯಕ್ತಿ. ಮಾತನಾಡದೆಯೇ ಗುಂಪಿಗೆ ಸೇರಿದವಳಾಗಿರುವ, ಚಿಕ್ಕವರಿಗೆ ಮುಂದೆ ದಾರಿ ಬಿಟ್ಟು ಹಿಂದೆ ನಿಲ್ಲುವ, ದನಿಯ ಒಂದು ಎಳೆಯಿಂದ ತನ್ನವರನ್ನು ಕರೆಯುವ ಜಾಜು ಹುಟ್ಟಿದ್ದು ಕೆನ್ನಾಯಿಯ ಬದುಕು ಮತ್ತು ನನ್ನ ಸ್ವಭಾವ, ಈ ಎರಡರ ನಡುವೆ.

ಈ ಸ್ವಭಾವಗಳನ್ನು ನಾನು ರೆಫರೆನ್ಸ್ ಶೀಟಿನ, ಎಂದರೆ ಪಾತ್ರದ ರೂಪವನ್ನು ಚಿತ್ರಿಸಿಡುವ ಹಾಳೆಯ, ಮೇಲ್ಭಾಗದಲ್ಲಿಯೇ ಬರೆದಿಟ್ಟೆ. ಮುಂಭಾಗ, ಹಿಂಭಾಗ ಮತ್ತು ಪಕ್ಕದ ನೋಟಗಳು, ಪ್ರತಿ ಬಣ್ಣದ ಒಂದು ಚೌಕ, ಕಿವಿ ಮತ್ತು ಅಂಗೈಗಳ ದೊಡ್ಡದಾದ ಚಿತ್ರ, ಇಷ್ಟು ಇದ್ದರೆ ಹೊಲಿಗೆಗೆ ಕುಳಿತಾಗ ಅನುಮಾನಗಳು ಬಾರವು. ನರಿಗೂ ಕೆನ್ನಾಯಿಗೂ ಇರುವ ವ್ಯತ್ಯಾಸಗಳನ್ನು ಅದೇ ಹಾಳೆಯಲ್ಲಿ ಗುರುತು ಮಾಡಿದೆ. ಕೆಂಪು ನರಿಯ ಕಿವಿ ಚೂಪಾಗಿದ್ದು ಹಿಂಬದಿ ಕಪ್ಪಗಿರುತ್ತದೆ, ಕೆನ್ನಾಯಿಯ ಕಿವಿಯ ತುದಿ ದುಂಡಗಿದ್ದು ಒಳಗೆ ಬಿಳಿ ಕೂದಲಿರುತ್ತದೆ. ನರಿಯ ಮೂತಿ ಸಪೂರ, ಕೆನ್ನಾಯಿಯದು ಗಿಡ್ಡ ಮತ್ತು ಅಗಲ. ನರಿಯ ಬಾಲದ ತುದಿ ಸಾಮಾನ್ಯವಾಗಿ ಬಿಳಿ, ಕೆನ್ನಾಯಿಯದು ಕಪ್ಪು. ನರಿಯ ಕಾಲುಗಳು ಕಪ್ಪಾಗಿ ಇಳಿಯುತ್ತವೆ, ಕೆನ್ನಾಯಿಯ ಕಾಲುಗಳಲ್ಲಿ ಮೈಬಣ್ಣವೇ ಮುಂದುವರಿಯುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದುದು ಕಣ್ಣು: ನರಿಯ ಪಾಪೆ ಬೆಕ್ಕಿನದರಂತೆ ನೆಟ್ಟಗಿನ ಸೀಳು, ಕೆನ್ನಾಯಿಯ ಪಾಪೆ ದುಂಡು.

ಫೋಮಿನ ಅಡಿಗಟ್ಟು

ಇತ್ತೀಚೆಗೆ ತ್ರೀಡಿ ಮುದ್ರಿತ ಅಡಿಗಟ್ಟುಗಳನ್ನು ಬಳಸುವವರು ಹೆಚ್ಚುತ್ತಿದ್ದಾರೆ. ಅವು ಎರಡೂ ಬದಿ ಒಂದೇ ಸಮನಾಗಿ ಬರುತ್ತವೆ, ಒಳಗೆ ಗಾಳಿಗೆ ಜಾಗವೂ ಹೆಚ್ಚು. ಆದರೂ ನಾನು ಸೋಫಾಗಳಿಗೆ ಬಳಸುವ ಪಾಲಿಯುರೆಥೇನ್ ಫೋಮನ್ನೇ ಆರಿಸಿಕೊಂಡೆ, ಏಕೆಂದರೆ ಮುಖದ ಭಾವವನ್ನು ಕೈಯಲ್ಲಿ ಹಿಡಿದು, ಕತ್ತರಿಯ ಒಂದೊಂದೇ ಕಚ್ಚಿನಿಂದ ಬದಲಿಸುತ್ತಾ ಹೋಗಲು ಅದೊಂದೇ ಅವಕಾಶ ಕೊಡುತ್ತದೆ. ತೂಕವೂ ಕಡಿಮೆ, ಯಾರಿಗಾದರೂ ತಲೆ ತಾಗಿದರೆ ನೋವೂ ಆಗುವುದಿಲ್ಲ.

ಮೊದಲು ನನ್ನ ತಲೆಯ ಅಚ್ಚು ಬೇಕಾಯಿತು. ತಲೆ ಮತ್ತು ಕುತ್ತಿಗೆಯನ್ನು ಮುಚ್ಚುವ ಬಟ್ಟೆಯ ಟೋಪಿಯಾದ ಹಳೆಯ ಬಾಲಾಕ್ಲಾವಾ ಒಂದನ್ನು ಧರಿಸಿ, ಮೂಗು ಮತ್ತು ಬಾಯಿಯನ್ನು ಪೂರ್ತಿ ತೆರೆದಿಟ್ಟು, ಗೆಳತಿಯೊಬ್ಬಳಿಂದ ಅದರ ಮೇಲೆ ಡಕ್ಟ್ ಟೇಪ್ ಸುತ್ತಿಸಿಕೊಂಡೆ; ಅನಂತರ ಅವಳು ಹಿಂಬದಿಯಲ್ಲಿ ಮೊಂಡು ತುದಿಯ ಕತ್ತರಿಯಿಂದ ಸೀಳಿ ತೆಗೆದಳು. ಈ ಕೆಲಸವನ್ನು ಯಾರೂ ಒಬ್ಬರೇ ಮಾಡಬಾರದು ಎಂದು ಒತ್ತಿ ಹೇಳುತ್ತೇನೆ. ಸೀಳನ್ನು ಮತ್ತೆ ಅಂಟಿಸಿ ಒಳಗೆ ಕಾಗದ ತುಂಬಿದಾಗ ನನ್ನ ತಲೆಯದೇ ಅಳತೆಯ ಗೊಂಬೆ ಸಿಕ್ಕಿತು.

ಇನ್ನೊಂದು ಬಾಲಾಕ್ಲಾವಾವನ್ನು ಈ ಗೊಂಬೆಗೆ ತೊಡಿಸಿ, ಅದರ ಮೇಲೆ 25 ಮಿ.ಮೀ. ದಪ್ಪದ ಫೋಮಿನ ಪಟ್ಟಿಗಳನ್ನು ಹಣೆಯ ಸುತ್ತ ಒಂದು, ನೆತ್ತಿಯ ಮೇಲೆ ಹಾಯುವಂತೆ ಒಂದು, ಕಿವಿಯ ಹಿಂದಿನಿಂದ ಗಲ್ಲದವರೆಗೆ ಒಂದು ಎಂಬಂತೆ ಅಂಟಿಸಿದೆ. ನನ್ನ ಕೆನ್ನೆ ಮತ್ತು ಮೂಗಿನ ಮುಂದೆ ಫೋಮ್ ಮುಟ್ಟದಂತೆ ಸುಮಾರು ಎರಡು ಬೆರಳಿನಷ್ಟು ಖಾಲಿ ಜಾಗ ಬಿಟ್ಟಿದ್ದೇನೆ. ಬಿಸಿ ಗಾಳಿ ಹೊರಹೋಗಲು, ಉಸಿರಿನ ತೇವ ಕಣ್ಣಿನ ಜಾಲರಿಗೆ ತಾಗದಿರಲು ಈ ಜಾಗವೇ ಆಧಾರ. ಫೋಮ್‌ಗೆ ಫೋಮ್ ಅಂಟಿಸಲು ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟನ್ನು ಬಳಸಿದೆ: ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಟ್ಟು, ಅನಂತರ ಒತ್ತಿದರೆ ಆ ಕೂಡಿಕೆ ಮತ್ತೆ ಬಿಡುವುದಿಲ್ಲ. ಅದರ ಆವಿ ತಲೆಗೆ ಏರುವಂಥದು, ಕಿಟಕಿಗಳನ್ನು ತೆರೆದಿಟ್ಟೇ ಕೆಲಸ ಮಾಡಬೇಕು. ಹಾಟ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ಆರಿದ ಮೇಲೆ ಗಟ್ಟಿ ಗೆರೆಯಾಗಿ ನಿಂತು ಫೋಮಿನ ಮೃದುತ್ವವನ್ನು ಕೆಡಿಸುತ್ತದೆ, ಬಿಸಿಲಲ್ಲಿ ನಿಂತ ವಾಹನದೊಳಗೆ ಮೆತ್ತಗಾಗಿ ಕೂಡಿಕೆಯನ್ನು ಬಿಟ್ಟುಕೊಡುವುದೂ ಉಂಟು.

ಮೂತಿಯ ಉದ್ದವನ್ನು 9 ಸೆಂ.ಮೀ.ಗೆ ನಿಲ್ಲಿಸಿದೆ, ಬುಡದಲ್ಲಿ 11 ಸೆಂ.ಮೀ., ತುದಿಯಲ್ಲಿ 7 ಸೆಂ.ಮೀ. ಅಗಲ. ಮೂತಿ ಉದ್ದವಾದಷ್ಟೂ ನರಿತನ ಹೆಚ್ಚುತ್ತದೆ, ಧರಿಸಿದವರಿಗೆ ಕೆಳಗಿನ ನೋಟವೂ ಅಷ್ಟೇ ಮುಚ್ಚಿಹೋಗುತ್ತದೆ. ಹಣೆಯಿಂದ ಮೂತಿಗೆ ಇಳಿಯುವ ಕಡೆ ಆಳವಾದ ತಗ್ಗು ಬಾರದಂತೆ 12 ಮಿ.ಮೀ. ಫೋಮಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಪಕ್ಕದಿಂದ ನೋಡಿದರೆ ತುಸು ಉಬ್ಬಿದ ಗೆರೆ ಬರುವಂತೆ ಕೆತ್ತಿದೆ. ಕಿವಿಗೆ ಹಲವು ಎತ್ತರಗಳನ್ನು ಕಾಗದದಲ್ಲಿ ಕತ್ತರಿಸಿ, ಪಿನ್ನು ಚುಚ್ಚಿ ನಿಲ್ಲಿಸಿ, ಕೋಣೆಯ ಆ ತುದಿಯಿಂದ ನೋಡಿದೆ. ಎತ್ತರವೂ ಅಗಲವೂ 10 ಸೆಂ.ಮೀ. ಇದ್ದು, ತುದಿ ಅರ್ಧವೃತ್ತವಾದಾಗ ನರಿ ಮರೆಯಾಗಿ ಕೆನ್ನಾಯಿ ಕಾಣಿಸಿಕೊಂಡಿತು. ಇಡೀ ತಲೆಯಲ್ಲಿ ಗುರುತನ್ನು ನಿರ್ಧರಿಸುವ ಅತಿ ದೊಡ್ಡ ಒಂದೇ ಅಂಶ ಕಿವಿಯ ಹೊರಗೆರೆ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಬಣ್ಣ ತಪ್ಪಿದರೂ ಜನ ಕಿವಿಯನ್ನು ನೋಡಿ ಪ್ರಾಣಿಯನ್ನು ಗುರುತಿಸುತ್ತಾರೆ.

ದವಡೆಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ಗಲ್ಲಕ್ಕೆ ಪಟ್ಟಿ ಕಟ್ಟಿ, ಎಲಾಸ್ಟಿಕ್‌ನಿಂದ ಮೇಲೆಳೆದು, ಧರಿಸಿದವರ ಬಾಯಿಯೊಂದಿಗೆ ತೆರೆದು ಮುಚ್ಚುವ ದವಡೆಯನ್ನು ಮಾಡಬಹುದು, ಮಾತನಾಡುವ ಪಾತ್ರಗಳಿಗೆ ಅದು ಸೊಗಸಾಗಿ ಒಪ್ಪುತ್ತದೆ. ಜಾಜು ಮಾತನಾಡುವುದಿಲ್ಲ. ಆದ್ದರಿಂದ ಬಾಯಿಯನ್ನು ಸುಮಾರು 3 ಸೆಂ.ಮೀ. ತೆರೆದ ಸ್ಥಿತಿಯಲ್ಲಿ ಸ್ಥಿರವಾಗಿ ಇರಿಸಿದೆ, ಮತ್ತು ಆ ತೆರಪೇ ಗಾಳಿಯ ಮುಖ್ಯ ದಾರಿಯೂ ಕಾಲಿನ ಬುಡವನ್ನು ನೋಡುವ ಕಿಂಡಿಯೂ ಆಯಿತು. ಹಲ್ಲುಗಳನ್ನು ಪಾಲಿಮರ್ ಜೇಡಿಯಲ್ಲಿ ತಿದ್ದಿ, ಸುಟ್ಟು, ಒಸಡಿನ ಬಣ್ಣದ ಫ್ಲೀಸ್ ಬಟ್ಟೆಗೆ ಕೂರಿಸಿದ್ದೇನೆ. ನಾಯಿ-ತೋಳಗಳ ಕೆಳದವಡೆಯ ಪ್ರತಿ ಬದಿಯಲ್ಲಿ ಕೊನೆಗೆ ಮೂರು ದವಡೆಹಲ್ಲುಗಳಿದ್ದರೆ ಕೆನ್ನಾಯಿಗೆ ಎರಡೇ. ಬಾಯಿಯೊಳಗೆ ಯಾರೂ ಇಣುಕಿ ಎಣಿಸುವುದಿಲ್ಲ, ಆದರೂ ಎರಡನ್ನೇ ಕೂರಿಸಿದೆ, ಏಕೆಂದರೆ ಅವಳು ಯಾರೆಂದು ನನಗೆ ಗೊತ್ತಿದೆ.

ಕಣ್ಣು

ಈ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಕಣ್ಣಿನ ಮೇಲೆ, ಮತ್ತು ಬೇರೆಯವರೂ ಹಾಗೆಯೇ ಮಾಡಲಿ ಎಂದು ಬಯಸುತ್ತೇನೆ. ಫರ್ಸೂಟಿನ ಮುಖ ಬದಲಾಗದ ಮುಖ. ಒಂದೇ ಭಾವವನ್ನು ಹೊತ್ತು ಅದು ಸಂತೋಷ, ಸಂಕೋಚ, ಕುತೂಹಲ, ಆಯಾಸ ಎಲ್ಲವನ್ನೂ ತೋರಬೇಕು.

ಬಿಳಿಗಣ್ಣನ್ನು 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ತುಸು ಬಾಗಿಸಿದೆ. ಪಾಪೆ ಮತ್ತು ಅದರ ಸುತ್ತಲಿನ ಜೇನುಬಣ್ಣದ ಬಳೆಯನ್ನು ಆ ಹಾಳೆಯ ಮೇಲೆ ಬರೆಯಲಿಲ್ಲ. ಹಾಳೆಯಲ್ಲಿ ತೆರಪು ಕೊರೆದು, ಅದರ ಹಿಂದೆ 12 ಮಿ.ಮೀ. ಒಳಗೆ ಬಣ್ಣ ಹಚ್ಚಿದ ಜಾಲರಿಯನ್ನು ಕೂರಿಸಿದೆ. ಹೀಗೆ ಒಳಗೆ ಸರಿದ ಪಾಪೆಯನ್ನು ಬಲದಿಂದ ನೋಡುವವರಿಗೆ ತೆರಪಿನ ಬಲ ಅಂಚು ಜಾಲರಿಯ ಬಲಭಾಗವನ್ನು ಮರೆಮಾಡುತ್ತದೆ, ಪಾಪೆ ಆ ಅಂಚಿನ ಹತ್ತಿರಕ್ಕೆ, ಎಂದರೆ ನೋಡುವವರ ಕಡೆಗೇ, ಸರಿದಂತೆ ಕಾಣುತ್ತದೆ. ಎಡದಿಂದ ನೋಡಿದರೆ ಎಡಕ್ಕೆ. ಕೋಣೆಯಲ್ಲಿ ಎಲ್ಲಿ ನಿಂತರೂ ಜಾಜು ನಿಮ್ಮನ್ನೇ ನೋಡುತ್ತಿರುವಂತೆ ಅನಿಸುವುದು ಇದರಿಂದ. ಆಳ ಕಡಿಮೆಯಾದರೆ ಈ ಪರಿಣಾಮ ಸಿಗುವುದಿಲ್ಲ, ಹೆಚ್ಚಾದರೆ ಪಕ್ಕದಿಂದ ನೋಡುವವರಿಗೆ ಪಾಪೆಯೇ ಕಾಣದೆ ಹೋಗುತ್ತದೆ. ಗುಂಪಿನಲ್ಲಿ ಪ್ರತಿಯೊಬ್ಬರ ಕಡೆಗೂ ಗಮನವಿರುವ ಪ್ರಾಣಿಗೆ ಈ ಕಣ್ಣು ಅಲಂಕಾರವಲ್ಲ, ಸ್ವಭಾವದ ಭಾಗ.

ಜಾಲರಿಗೆ ಗಂಜಿ ಹಾಕಿ ಬಿರುಸು ಮಾಡಿದ ಬಕ್ರಮ್ ಬಟ್ಟೆಯನ್ನು ಹಲವರು ಬಳಸುತ್ತಾರೆ. ಅದು ಉಸಿರಿನ ತೇವಕ್ಕೆ ಮೆತ್ತಗಾಗುವುದರಿಂದ ನಾನು ಪ್ಲಾಸ್ಟಿಕ್ ಎಳೆಯ ಜಾಲರಿಯನ್ನು ಆರಿಸಿದೆ. ಬಣ್ಣವನ್ನು ಮುಂಬದಿಗೆ ಮಾತ್ರ, ಒಣ ಕುಂಚದಿಂದ, ರಂಧ್ರಗಳು ಮುಚ್ಚದಂತೆ ಹಲವು ತೆಳು ಪದರಗಳಲ್ಲಿ ಹಚ್ಚಬೇಕು. ಹಿಂಬದಿ ಕಡುಗಪ್ಪಾಗಿಯೇ ಉಳಿಯಬೇಕು. ಒಳಗೆ ಕತ್ತಲಿದ್ದು ಹೊರಗೆ ಬೆಳಕಿದ್ದಾಗ ಧರಿಸಿದವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಬಣ್ಣವಷ್ಟೇ ಕಾಣುತ್ತದೆ. ಇದೇ ಕಾರಣಕ್ಕೆ ತಲೆಯ ಒಳಭಾಗಕ್ಕೆ ಕಪ್ಪು ಬಟ್ಟೆಯ ಅಸ್ತರಿ ಹಾಕಿದ್ದೇನೆ. ವಯಸ್ಕರ ಎರಡು ಪಾಪೆಗಳ ನಡುವಿನ ಅಂತರ ಸಾಮಾನ್ಯವಾಗಿ 60ರಿಂದ 65 ಮಿ.ಮೀ.; ಜಾಜುವಿನ ಕಣ್ಣುಗಳು ಅದಕ್ಕಿಂತ ದೂರದಲ್ಲಿರುವುದರಿಂದ ನಾನು ಜಾಲರಿಯ ಒಳಮೂಲೆಯಿಂದ ನೋಡುತ್ತೇನೆ. ಆ ಮೂಲೆಯಲ್ಲಿ ಕಪ್ಪು ಜಾಲರಿಯ ಸಣ್ಣ ಕಿಂಡಿಯೊಂದನ್ನು ಹೆಚ್ಚುವರಿಯಾಗಿ ತೆರೆದು, ಹೊರಗಿನಿಂದ ಅದು ಕಣ್ಣಂಚಿನ ಕಪ್ಪು ಗೆರೆಯಂತೆ ಕಾಣುವ ಹಾಗೆ ಮಾಡಿದ್ದೇನೆ.

ರೆಪ್ಪೆಯೇ ಭಾವವನ್ನು ನಿರ್ಧರಿಸುತ್ತದೆ. ಮೇಲ್ರೆಪ್ಪೆಯ ಒಳತುದಿ ಕೆಳಗಿಳಿದರೆ ಸಿಟ್ಟು, ಹೊರತುದಿ ಇಳಿದರೆ ದುಃಖ, ಅರ್ಧ ಮುಚ್ಚಿದರೆ ಉದಾಸೀನ. ಚಿಕ್ಕ ಅಯಸ್ಕಾಂತಗಳನ್ನು ಹುದುಗಿಸಿ, ಸಂದರ್ಭಕ್ಕೆ ತಕ್ಕಂತೆ ರೆಪ್ಪೆ ಬದಲಿಸುವ ವ್ಯವಸ್ಥೆಯೂ ಬಳಕೆಯಲ್ಲಿದೆ. ನಾನು ಒಂದೇ ರೆಪ್ಪೆಗೆ ನಿಂತೆ: ಬಹುಮಟ್ಟಿಗೆ ಸಮತಟ್ಟಾದ, ಹೊರತುದಿಯಲ್ಲಿ ಕೂದಲೆಳೆಯಷ್ಟು ಇಳಿದ ರೆಪ್ಪೆ. ಇದು ಕನ್ನಡಿಯ ಮುಂದೆ ನೋಡಿದಾಗ ಕಿವಿಗೊಟ್ಟು ಕೇಳುತ್ತಿರುವ ಮುಖ. ತಲೆ ಬಗ್ಗಿಸಿದರೆ ರೆಪ್ಪೆ ಪಾಪೆಯನ್ನು ಮುಚ್ಚಿ ಸಂಕೋಚ ಕಾಣುತ್ತದೆ, ತಲೆ ಎತ್ತಿದರೆ ಕಣ್ಣು ಪೂರ್ತಿ ತೆರೆದು ಸಂತೋಷ ಕಾಣುತ್ತದೆ, ಒಂದು ಬದಿಗೆ ವಾಲಿಸಿದರೆ ಕುತೂಹಲ. ಭಾವವನ್ನು ಮುಖದಿಂದ ಕುತ್ತಿಗೆಗೆ ಸಾಗಿಸುವ ಈ ಅಭ್ಯಾಸ ಬಂದ ಮೇಲೆ ಬದಲಿಸುವ ರೆಪ್ಪೆಗಳ ಅಗತ್ಯ ನನಗೆ ತೋರಲಿಲ್ಲ.

ತುಪ್ಪಳ

ಕೃತಕ ತುಪ್ಪಳ ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಮೋಡಾಕ್ರಿಲಿಕ್ ಎಳೆಗಳಿಂದ ಆದುದು. ಹೆಣೆದ ಬಟ್ಟೆಯ ಬೆನ್ನಿಗೆ ಕೂದಲು ಒಂದೇ ದಿಕ್ಕಿನಲ್ಲಿ ವಾಲಿ ನಿಂತಿರುತ್ತದೆ. ಆ ದಿಕ್ಕನ್ನು ಗೌರವಿಸುವುದೇ ಅರ್ಧ ಕೆಲಸ. ಮೂಗಿನಿಂದ ಹಿಂದಕ್ಕೆ, ಹಣೆಯಿಂದ ಮೇಲಕ್ಕೆ, ಕೆನ್ನೆಯಿಂದ ಹೊರಕ್ಕೆ ಮತ್ತು ಕೆಳಕ್ಕೆ ಕೂದಲು ಹರಿಯಬೇಕು. ಒಂದು ತುಂಡು ತಿರುಗುಮುರುಗಾದರೆ, ಬಣ್ಣ ಒಂದೇ ಆದರೂ ಬೆಳಕು ಬೇರೆ ರೀತಿ ಬಿದ್ದು ಅದು ತೇಪೆಯಂತೆ ಎದ್ದು ಕಾಣುತ್ತದೆ.

ಮಾದರಿ ತೆಗೆಯಲು ಫೋಮ್ ತಲೆಯ ಒಂದು ಅರ್ಧಕ್ಕೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಅದರ ಮೇಲೆ ಟೇಪ್ ಅಂಟಿಸಿ, ಬಣ್ಣ ಬದಲಾಗುವ ಗೆರೆಗಳನ್ನೂ ಹೊಲಿಗೆಯ ಗೆರೆಗಳನ್ನೂ ಬರೆದೆ. ಪ್ರತಿ ತುಂಡಿಗೆ ಸಂಖ್ಯೆ, ಕೂದಲಿನ ದಿಕ್ಕಿನ ಬಾಣ ಮತ್ತು ಪಕ್ಕದ ತುಂಡಿನೊಂದಿಗೆ ಸೇರುವ ಗುರುತುಗಳನ್ನು ಹಾಕಿದ ಮೇಲೆಯೇ ಕತ್ತರಿಸಬೇಕು. ಕತ್ತರಿಸಿದ ತುಂಡುಗಳೆಲ್ಲ ನೋಡಲು ಒಂದೇ ಥರ ಇರುತ್ತವೆ. ಇನ್ನೊಂದು ಅರ್ಧಕ್ಕೆ ಅದೇ ಮಾದರಿಯನ್ನು ಮಗುಚಿ ಬಳಸಿದರೆ ಎಡ-ಬಲಗಳು ಸರಿಹೊಂದುತ್ತವೆ. ತುಪ್ಪಳದ ಬೆನ್ನಿನ ಮೇಲೆ ಗೆರೆ ಎಳೆದು, 5 ಮಿ.ಮೀ. ಹೊಲಿಗೆ ಅಂಚು ಸೇರಿಸಿ, ಹರಿತವಾದ ಬ್ಲೇಡಿನಿಂದ ಬೆನ್ನಿನ ಬಟ್ಟೆಯನ್ನು ಮಾತ್ರ ಸೀಳಿದೆ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚಿನ ಕೂದಲೂ ತುಂಡಾಗಿ ಹೊಲಿಗೆಯ ಗೆರೆ ಬೋಳಾಗಿ ತೋರುತ್ತದೆ. ಈ ಹಂತದಲ್ಲಿ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಮುಖಗವಸು ಇಲ್ಲದೆ ತುಪ್ಪಳ ಕತ್ತರಿಸಬೇಡಿ.

ಮೂರು ಬಣ್ಣಗಳು ಸಾಕಾದವು: ಜಾಜಿನ ಕೆಂಪು, ಕೆನೆ ಬಿಳಿ ಮತ್ತು ಬಾಲಕ್ಕೆ ಕಪ್ಪು. ನರಿಯ ಕಿತ್ತಳೆಯಿಂದ ದೂರ ಉಳಿಯಲು ಕೆಂಪಿನಲ್ಲಿ ಕಂದಿನ ಅಂಶ ಹೆಚ್ಚಿರುವ ಬಟ್ಟೆಯನ್ನೇ ಹುಡುಕಿದೆ. ತುಂಡುಗಳನ್ನು ಕೈಯಲ್ಲಿಯೇ ಅಂಚುಸುತ್ತು ಹೊಲಿಗೆ ಹಾಕಿ ಸೇರಿಸಿದ್ದೇನೆ, ಹೊಲಿಯುವಾಗ ಕೂದಲನ್ನೆಲ್ಲ ಒಳಮುಖವಾಗಿ ತಳ್ಳಿ, ಮುಗಿದ ಮೇಲೆ ಸೂಜಿಯ ತುದಿಯಿಂದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಎಳೆಗಳನ್ನು ಹೊರಗೆಳೆದಿದ್ದೇನೆ. ಹೀಗೆ ಸೇರಿಸಿದ ತುಪ್ಪಳದ ಹೊದಿಕೆಯನ್ನು ಫೋಮ್ ಮೇಲೆ ಎಳೆದು ಕೂರಿಸಿ, ಕಣ್ಣಿನ ಸುತ್ತ, ತುಟಿಯ ಅಂಚು ಮತ್ತು ಮೂತಿಯ ತಗ್ಗುಗಳಲ್ಲಿ ಮಾತ್ರ ಅಂಟು ಹಾಕಿದೆ. ಮುಂದೆ ಎಂದಾದರೂ ಫೋಮ್ ಬದಲಿಸಬೇಕಾದರೆ ತುಪ್ಪಳವನ್ನು ಹರಿಯದೆ ಬಿಚ್ಚಲು ಸಾಧ್ಯವಾಗಬೇಕು ಎಂಬುದು ಇದರ ಉದ್ದೇಶ. ಪಾಲಿಯುರೆಥೇನ್ ಫೋಮ್ ಬಿಸಿಲಿಗೆ ಹಳದಿಯಾಗಿ ಕೊನೆಗೆ ಪುಡಿಯಾಗುವ ವಸ್ತು.

ಕೂದಲು ಕತ್ತರಿಸಲು ಸಾಕುಪ್ರಾಣಿಗಳಿಗೆ ಬಳಸುವ ಟ್ರಿಮ್ಮರ್ ತಕ್ಕುದು. ಮೊದಲು ಉಳಿದ ಚೂರಿನ ಮೇಲೆ ಪ್ರಯೋಗ ಮಾಡಲೇಬೇಕು, ಏಕೆಂದರೆ ಹಲವು ತುಪ್ಪಳಗಳಲ್ಲಿ ತುದಿಯ ಬಣ್ಣವೂ ಬುಡದ ಬಣ್ಣವೂ ಒಂದೇ ಅಲ್ಲ. ನಾನು ಕೊಂಡ ಕೆಂಪು ತುಪ್ಪಳ ಗಿಡ್ಡ ಮಾಡಿದಷ್ಟೂ ತಿಳಿಯಾಗುತ್ತಿತ್ತು. ಇದನ್ನು ಮೂತಿಗೆ ಅನುಕೂಲವಾಗಿಯೇ ಬಳಸಿಕೊಂಡೆ: ಮೂಗಿನ ಸುತ್ತ 3 ಮಿ.ಮೀ., ಮೂತಿಯ ಮೇಲೆ 6 ಮಿ.ಮೀ., ಹಣೆಯಲ್ಲಿ 12 ಮಿ.ಮೀ. ಎಂದು ಹಂತ ಹಂತವಾಗಿ ಏರಿಸಿದಾಗ ಮುಖದ ನಡುವಿನಿಂದ ಅಂಚಿಗೆ ಬಣ್ಣ ತಾನಾಗಿಯೇ ಗಾಢವಾಗುತ್ತಾ ಹೋಯಿತು. ಎರಡು ಉದ್ದಗಳು ಸೇರುವ ಕಡೆ ಟ್ರಿಮ್ಮರನ್ನು ಓರೆಯಾಗಿ ಮೇಲೆತ್ತುತ್ತಾ ಬಂದರೆ ಮೆಟ್ಟಿಲು ಬೀಳುವುದಿಲ್ಲ. ಕೆನ್ನೆಯ ಕೂದಲನ್ನು ಪೂರ್ತಿ ಉದ್ದ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಉದ್ದ ಕೆನ್ನೆಗೂದಲು ಮುಖವನ್ನು ತ್ರಿಕೋನ ಮಾಡಿ ಮತ್ತೆ ನರಿಯನ್ನೇ ಕರೆತರುತ್ತದೆ. ಅದನ್ನು 20 ಮಿ.ಮೀ.ಗೆ ಇಳಿಸಿದಾಗ ಮುಖ ಅಗಲವಾಗಿ, ಗಟ್ಟಿಯಾಗಿ ನಿಂತಿತು.

ಸಿಳ್ಳೆ

ಮೂತಿಯೊಳಗೆ ಸಿಳ್ಳೆ ಇಡುವ ಯೋಚನೆ ಬಂದದ್ದು ಪಾತ್ರದಿಂದ, ಉಳಿದದ್ದು ಅದರ ಉಪಯೋಗದಿಂದ. ಫರ್ಸೂಟ್ ಧರಿಸಿದವರಿಗೆ ಜೊತೆಗಾರರೊಬ್ಬರು ಬೇಕೇ ಬೇಕು: ಮೆಟ್ಟಿಲನ್ನು ಎಚ್ಚರಿಸಲು, ಹಿಂದಿನಿಂದ ಬಾಲ ಎಳೆಯುವವರನ್ನು ತಡೆಯಲು, ಸುಸ್ತಾದಾಗ ಹೊರಗೆ ಕರೆದೊಯ್ಯಲು. ಪಾತ್ರದಲ್ಲಿರುವಾಗ ಮಾತನಾಡದವರು ಸಾಮಾನ್ಯವಾಗಿ ಕೈಸನ್ನೆಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ, ಆದರೆ ಜೊತೆಗಾರರು ಬೇರೆ ಕಡೆ ನೋಡುತ್ತಿದ್ದರೆ ಸನ್ನೆ ತಲುಪುವುದಿಲ್ಲ. ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣದಿದ್ದಾಗ ಕೆನ್ನಾಯಿ ಮಾಡುವುದನ್ನೇ ಜಾಜು ಇಲ್ಲಿ ಮಾಡುತ್ತಾಳೆ.

ಒಳಗೆ ಗೋಲಿಯಿಲ್ಲದ, ಮೆಲುದನಿಯ ಚಿಕ್ಕ ಸಿಳ್ಳೆಯೊಂದನ್ನು ಬಾಯಿಯ ತೆರಪಿನ ಒಂದು ಬದಿಯಲ್ಲಿ, ದನಿ ಹೊರಮುಖವಾಗುವಂತೆ ಫೋಮಿನ ಗೂಡಿನಲ್ಲಿ ಕೂರಿಸಿದೆ. ಅದಕ್ಕೆ ಜೋಡಿಸಿದ ಮೆತ್ತನೆಯ ಸಿಲಿಕೋನ್ ಕೊಳವೆಯ ತುದಿ ನನ್ನ ತುಟಿಗಳಿಂದ ತುಸು ದೂರದಲ್ಲಿ ನಿಲ್ಲುತ್ತದೆ. ಬೇಕಾದಾಗ ಮುಖವನ್ನು ಮುಂದೆ ತಂದು ಊದಬೇಕು. ಗಟ್ಟಿ ವಸ್ತುವನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು ನಡೆಯುವುದು ಅಪಾಯ, ಎಡವಿ ಬಿದ್ದರೆ ಅದು ಬಾಯಿಗೆ ಚುಚ್ಚುತ್ತದೆ. ಜೋರಾದ ಸಿಳ್ಳೆಯನ್ನೂ ಬಳಸಬಾರದು, ತಲೆಯೊಳಗೆ ಅದು ನಮ್ಮ ಕಿವಿಗೇ ಮೊದಲು ಬಡಿಯುತ್ತದೆ. ಒಂದು ಗಿಡ್ಡ ಸಿಳ್ಳೆ ಎಂದರೆ ಹತ್ತಿರ ಬಾ, ಎರಡು ಎಂದರೆ ನೀರು ಬೇಕು, ಎಡೆಬಿಡದೆ ಊದಿದರೆ ಕೂಡಲೇ ತಲೆ ತೆಗೆಯಬೇಕು. ಇದನ್ನು ಮಾಡಿದ ಮೇಲೆ ಫರ್ಸೂಟಿನ ಒಳಗೆ ನನಗೆ ಒಂಟಿತನ ಅನಿಸಿಲ್ಲ.

ಬಾಲ ಮತ್ತು ಕೈಗಳು

ಬಾಲದ ಬಗ್ಗೆ ಹೇಳುವುದು ಕಡಿಮೆ: ಬುಡದಲ್ಲಿ ಸ್ವಲ್ಪ ಕೆಂಪು, ಉಳಿದದ್ದೆಲ್ಲ ಉದ್ದ ಕೂದಲಿನ ಕಪ್ಪು, ಒಳಗೆ ಪಾಲಿಯೆಸ್ಟರ್ ಹತ್ತಿ, ಸೊಂಟದ ಪಟ್ಟಿಗೆ ಎರಡು ಕಡೆ ಭದ್ರವಾದ ಕುಣಿಕೆ. ಯಾರಾದರೂ ಎಳೆದರೆ ಭಾರವೆಲ್ಲ ಪಟ್ಟಿಗೆ ಹೋಗುವಂತೆ ಕುಣಿಕೆಯನ್ನು ಬಾಲದೊಳಗೆ ಸಾಕಷ್ಟು ಆಳದವರೆಗೆ ಹೊಲಿದಿದ್ದೇನೆ.

ಕೈಗಳನ್ನು ನಾಲ್ಕು ಬೆರಳುಗಳ ಗವಸಾಗಿ ಮಾಡಿದೆ. ಕೆನ್ನಾಯಿಯ ನಡುವಿನ ಎರಡು ಬೆರಳಿನ ಮೆತ್ತೆಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ, ನಾಯಿ-ತೋಳಗಳಲ್ಲಿ ಅವು ಬೇರೆಬೇರೆ. ಅಂಗೈಯ ಮೆತ್ತೆಗಳನ್ನು ಸಣ್ಣ ಕೂದಲಿನ ಕಪ್ಪು ಬಟ್ಟೆಯಲ್ಲಿ ಹೊಲಿಯುವಾಗ ಈ ಎರಡನ್ನೂ ಒಂದೇ ತುಂಡಾಗಿ ಕತ್ತರಿಸಿದೆ. ಕೈ ಬೀಸಿದಾಗ ಎಲ್ಲರಿಗೂ ಅಂಗೈ ಕಾಣುತ್ತದೆ, ಹಾಗಾಗಿ ಬಾಯಿಯೊಳಗಿನ ಹಲ್ಲುಗಳಿಗೆ ಸಿಗದ ಅವಕಾಶ ಇವಕ್ಕೆ ಸಿಗುತ್ತದೆ. ಕೆನ್ನಾಯಿಯನ್ನು ಬಲ್ಲ ಒಬ್ಬರು ಇದನ್ನು ಗುರುತಿಸಿ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು.

ಗಾಳಿ, ಬಿಸಿ ಮತ್ತು ಧರಿಸಿ ನೋಡಿದ್ದು

ಮೂತಿಯ ಮೇಲ್ಭಾಗದ ಪೊಳ್ಳಿನಲ್ಲಿ 5 ವೋಲ್ಟ್‌ನ, 40 ಮಿ.ಮೀ. ಗಾತ್ರದ ಫ್ಯಾನೊಂದನ್ನು ಕೂರಿಸಿದೆ. ಅದು ಬಾಯಿಯಿಂದ ತಂಪು ಗಾಳಿಯನ್ನು ಎಳೆದು ಕಣ್ಣುಗಳ ಕಡೆಗೆ ಹಾಯಿಸುತ್ತದೆ. ಕನ್ನಡಕ ಧರಿಸುವವರಿಗೆ ಮಂಜು ಕಟ್ಟದಿರಲು ಈ ದಿಕ್ಕೇ ಸರಿ. ಬಿಸಿ ಗಾಳಿ ಮೇಲೇರಿ ಹೋಗಲು ಎರಡೂ ಕಿವಿಗಳ ಬುಡದಲ್ಲಿ ಫೋಮನ್ನು ಕೊರೆದು, ಒಳಗಿವಿಯ ಬಿಳಿ ಕೂದಲಿನ ಹಿಂದೆ ಮರೆಯಾಗುವ ಜಾಲರಿ ಹಾಕಿದ್ದೇನೆ. ಹೊರಗಿನ ಮಾತು ಕೇಳಲು ಸಹ ಇದೇ ದಾರಿ. ಫ್ಯಾನಿನ ಎರಡೂ ಬದಿಗೆ ಜಾಲರಿ ಇರಲೇಬೇಕು, ಒಂದು ಎಳೆ ತುಪ್ಪಳ ಸಿಕ್ಕಿದರೂ ಅದು ನಿಂತುಹೋಗುತ್ತದೆ. ಒಂದು ವಾಟ್‌ನಷ್ಟು ಎಳೆಯುವ ಫ್ಯಾನಿಗೆ 5000 ಮಿಲಿಆಂಪಿಯರ್-ಅವರ್‌ನ ಪವರ್ ಬ್ಯಾಂಕ್ ಹತ್ತು ಗಂಟೆಗೂ ಮೀರಿ ಸಾಕಾಗುತ್ತದೆ. ಅದನ್ನು ತಲೆಯೊಳಗೆ ಇಡದೆ, ತಂತಿಯನ್ನು ಕುತ್ತಿಗೆಯ ಹಿಂದಿನಿಂದ ಇಳಿಸಿ ಸೊಂಟದ ಚೀಲದಲ್ಲಿ ಇಟ್ಟಿದ್ದೇನೆ.

ಫ್ಯಾನ್ ಇದ್ದರೂ ದೇಹದ ಬಿಸಿ ಹೊರಹೋಗುವುದು ಕಷ್ಟ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ, ತುಪ್ಪಳದ ಒಳಗೆ ಅದು ಆರಲಾರದು. ಅರ್ಧ ಗಂಟೆ ಧರಿಸಿ, ಅಷ್ಟೇ ಹೊತ್ತು ತಲೆ ತೆಗೆದು ನೀರು ಕುಡಿದು ಕೂರುವ ನಿಯಮವನ್ನು ನಾನು ಮೀರುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 2006ರಿಂದ ನಡೆಯುತ್ತಿರುವ ಆಂಥ್ರೋಕಾನ್‌ನಂಥ ದೊಡ್ಡ ಫರಿ ಸಮಾವೇಶಗಳಲ್ಲಿ ಫರ್ಸೂಟ್ ಧರಿಸಿದವರು ತಲೆ ತೆಗೆದು ವಿಶ್ರಮಿಸಲೆಂದೇ ಫ್ಯಾನ್ ಮತ್ತು ನೀರು ಇರುವ, ಕ್ಯಾಮೆರಾಗಳಿಗೆ ಪ್ರವೇಶವಿಲ್ಲದ ಕೋಣೆಯನ್ನು ಮೀಸಲಿಡುತ್ತಾರೆ. ಸಣ್ಣ ಕೂಟವಾದರೂ ಅಂಥ ಒಂದು ಜಾಗ ಎಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಮೊದಲ ಬಾರಿ ಪೂರ್ತಿ ಧರಿಸಿ ಗೆಳೆಯರ ನಡುವೆ ನಡೆದಾಗ ನಾನು ಗಮನಿಸಿದ ಸಂಗತಿ ಇದು: ನನ್ನ ನಡಿಗೆ ನಿಧಾನವಾಯಿತು, ಕೈಗಳು ಎದೆಯ ಹತ್ತಿರಕ್ಕೆ ಬಂದವು, ಎದುರಿಗಿದ್ದ ಮಗುವಿಗೆ ದಾರಿ ಬಿಡಲು ಹಿಂದೆ ಸರಿದೆ, ಇದಾವುದನ್ನೂ ನಾನು ಅಭ್ಯಾಸ ಮಾಡಿರಲಿಲ್ಲ. ಕೆಳಗಿನ ನೋಟ ಕಡಿಮೆ ಇರುವುದರಿಂದ ನಿಧಾನ, ಗವಸು ದಪ್ಪವಿರುವುದರಿಂದ ಕೈ ಮುಂದೆ ಎಂದು ವಿವರಿಸಬಹುದು. ಆದರೆ ಗುಂಪಿನ ನಡುವೆ ನಿಂತು, ಮಾತಿಗೆ ತಡಕಾಡದೆ, ಒಬ್ಬೊಬ್ಬರ ಕಡೆಗೂ ತಲೆ ತಿರುಗಿಸಿ ನೋಡುವ ಸಮಾಧಾನ ಫೋಮಿನಿಂದ ಬಂದದ್ದಲ್ಲ. ಅದು ಕಾಗದದ ಮೇಲೆ ಬರೆದಿಟ್ಟ ಜಾಜುವಿನದು. ಇಷ್ಟು ಕಾಲ ಹೊರಗಿನಿಂದ ಬಲ್ಲವಳನ್ನು ಆ ಸಂಜೆ ಒಳಗಿನಿಂದ ಬಲ್ಲೆನಾದೆ. ನರಿ ಎಂದವರು ಇಬ್ಬರು ಮೂವರು ಇದ್ದರು. ಬಾಲ ತಿರುಗಿಸಿ ತೋರಿಸಿದಾಗ ತಾವಾಗಿಯೇ ತಿದ್ದಿಕೊಂಡರು.

ಸ್ವಚ್ಛತೆ ಮತ್ತು ಉಳಿದ ಕೆಲಸ

ಪ್ರತಿ ಬಾರಿ ಧರಿಸಿದ ಮೇಲೆ ಒಳಗಿನ ಅಸ್ತರಿಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳ್ಳಗೆ ಸಿಂಪಡಿಸಿ, ಫ್ಯಾನಿನ ಮುಂದೆ ರಾತ್ರಿಯಿಡೀ ಒಣಗಿಸುತ್ತೇನೆ. ಕಣ್ಣಿನ ಜಾಲರಿಯ ಬಣ್ಣಕ್ಕೆ ಅದು ತಾಗದಂತೆ ಬಟ್ಟೆ ಮುಚ್ಚಿರುತ್ತೇನೆ. ಸಿಳ್ಳೆ ಮತ್ತು ಕೊಳವೆಯನ್ನು ಹೊರತೆಗೆದು ಸೋಪು ನೀರಿನಲ್ಲಿ ತೊಳೆಯಬೇಕು. ಬಿಸಿ ಗಾಳಿಯ ಡ್ರೈಯರನ್ನು ತುಪ್ಪಳದ ಹತ್ತಿರ ತರಲೇಬಾರದು, ಅಕ್ರಿಲಿಕ್ ಎಳೆಗಳು ಬಿಸಿಗೆ ಮುರುಟಿ ಒರಟಾದರೆ ಮತ್ತೆ ಮೊದಲಿನಂತಾಗುವುದಿಲ್ಲ. ಒಣಗಿದ ಮೇಲೆ ತಂತಿಹಲ್ಲಿನ ಬಾಚಣಿಗೆಯಿಂದ ಕೂದಲಿನ ದಿಕ್ಕಿನಲ್ಲಿ ಬಾಚಿ, ಕಿವಿಗಳು ಮಡಿಸಿಹೋಗದಷ್ಟು ಎತ್ತರದ ಪೆಟ್ಟಿಗೆಯಲ್ಲಿ, ಬಿಸಿಲು ಬೀಳದ ಕಡೆ ಇಡುತ್ತೇನೆ.

ಮುಂದಿನದು ಪಾದಗಳು. ಹಳೆಯ ಬೂಟಿನ ಮೇಲೆ ಫೋಮ್ ಕಟ್ಟಿ, ಅಡಿಗೆ ರಬ್ಬರ್ ಹಾಳೆ ಅಂಟಿಸುವ ಕ್ರಮವನ್ನೇ ಅನುಸರಿಸಲಿದ್ದೇನೆ. ಕೆನ್ನಾಯಿಯ ಪಾದದ ಮೆತ್ತೆಗಳ ನಡುವೆ ಉದ್ದ ಕೂದಲಿರುತ್ತದೆ, ನೆಲಕ್ಕೆ ತಾಗುವ ಆ ಜಾಗದಲ್ಲಿ ಕೃತಕ ತುಪ್ಪಳ ಬೇಗ ಸವೆದು ಜಡೆಗಟ್ಟುತ್ತದೆ. ಆದ್ದರಿಂದ ಬೆರಳುಗಳ ನಡುವಿನ ಕೂದಲನ್ನು ಬಿಚ್ಚಿ ಬದಲಿಸಬಹುದಾದ ಪ್ರತ್ಯೇಕ ತುಂಡುಗಳಾಗಿ ಒತ್ತುಗುಂಡಿಗಳಿಂದ ಜೋಡಿಸುವ ಮಾದರಿಯನ್ನು ಈಗ ಕಾಗದದಲ್ಲಿ ಕತ್ತರಿಸುತ್ತಿದ್ದೇನೆ.